ಎರಡು ಸಲ ಕೊಟ್ಟ ಕರೆ

ನಮ್ಮೂರಿನಲ್ಲಿ ಮನುಷ್ಯರ ಕೂಗು ಹತ್ತು ಹೆಜ್ಜೆಯಾಚೆ ಕೇಳಿಸುವುದಿಲ್ಲ. ಗಂಟಲು ಹರಿಯುವ ಹಾಗೆ ಕಿರುಚಿದರೂ ಅಷ್ಟೇ. ಗಂಟೆ, ಡೊಳ್ಳು, ನಾಯಿಯ ಬೊಗಳು, ಎಲ್ಲಕ್ಕೂ ಅದೇ ಗತಿ. ಹಿತ್ತಾಳೆಯ ತುತ್ತೂರಿಯ ದನಿ ಮಾತ್ರ ಊರಿನ ಈ ತುದಿಯಿಂದ ಆ ತುದಿಗೆ ನಿಚ್ಚಳವಾಗಿ ತಲುಪುತ್ತದೆ. ಆದ್ದರಿಂದ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅದಕ್ಕೊಂದು ಹೆಸರು ಇಡುತ್ತಾರೆ, ಒಂದು ಕರೆಯನ್ನೂ ಇಡುತ್ತಾರೆ. ಕರೆಯೆಂದರೆ ಆರೇಳು ಸ್ವರಗಳ ಚಿಕ್ಕ ಧಾಟಿ. ಊರಿನ ನಾಲ್ಕು ದಿಕ್ಕಿಗೆ ನಾಲ್ಕು ಊದುಕಟ್ಟೆಗಳಿವೆ. ಒಂದೊಂದರ ಮೇಲೂ ಬೆಳಗಿನಿಂದ ಸಂಜೆಯವರೆಗೆ ಒಬ್ಬ ತುತ್ತೂರಿಯವನು ಕೂತಿರುತ್ತಾನೆ. ಗಂಡ ಉಪ್ಪು ತರುವುದನ್ನು ಮರೆತು ಹೋದನೆಂದರೆ ಹೆಂಡತಿ ಕಟ್ಟೆಯ ಹತ್ತಿರ ಬಂದು, "ನಮ್ಮನಿಯವರನ್ನ ಒಂದ್ಸಲ ಕರೀರಿ" ಅನ್ನುತ್ತಾಳೆ. ಅವನು ಊದುತ್ತಾನೆ. ಎಲ್ಲೋ ಹರಟೆ ಹೊಡೆಯುತ್ತ ಕೂತ ಗಂಡ ತಟ್ಟನೆ ಎದ್ದು ಪಂಚೆ ಕೊಡವಿಕೊಂಡು ಬರುತ್ತಾನೆ. ತೊಟ್ಟಿಲಿನಿಂದ ಕೇಳಿದ ಕರೆಯನ್ನು ಕಿವಿಗೊಟ್ಟು ಕೇಳಬೇಕಾಗಿಲ್ಲ. ಕಾಲುಗಳೇ ಕೇಳಿಸಿಕೊಳ್ಳುತ್ತವೆ.

ನನ್ನ ಹೆಸರು ಯಮನೂರಪ್ಪ. ನಲವತ್ತು ವರ್ಷ ಈ ಊರಿನಲ್ಲಿ ತುತ್ತೂರಿ ಊದಿದ್ದೇನೆ. ಮುನ್ನೂರಕ್ಕೂ ಹೆಚ್ಚು ಕರೆ ಕಟ್ಟಿದ್ದೇನೆ. ಇಲ್ಲಿ ಹೇಳಬೇಕಾದದ್ದು ಒಂದೇ ಒಂದು ಕರೆಯ ವಿಷಯ. ಅದು ನಾನು ಕಟ್ಟಿದ್ದಲ್ಲ.

ನಮ್ಮಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಒಡೆದ ತುತ್ತೂರಿಗಳಿಗೆ ಬೆಸುಗೆಯನ್ನೂ ಹಾಕುತ್ತಿದ್ದ. ಬೆಸುಗೆ ಸರಿಯಾಗಿದೆಯೇ ಎಂದು ಊದಿ ನೋಡುವುದು ನನ್ನ ಕೆಲಸ. ಹಾಗೆ ಊದುತ್ತಿದ್ದಾಗ ಕೇಳಿ, ಊರಿನ ದೊಡ್ಡ ಮಾಸ್ತರರಾದ ದಾವಲಸಾಬರು ನನ್ನನ್ನು ಶಿಷ್ಯನನ್ನಾಗಿ ಮಾಡಿಕೊಂಡರು. ಮೊದಲ ಒಂದು ವರ್ಷ ಅವರು ನನಗೆ ಒಂದು ಸ್ವರವನ್ನೂ ಕಲಿಸಲಿಲ್ಲ. ಉಸಿರು ತುಂಬಿಕೊಳ್ಳುವುದು, ಬಿಡುವುದು, ಅಷ್ಟೇ. ತುಟಿ ಬಿರಿದು ರಕ್ತ ಬಂದಾಗ ಅವರ ಹೆಂಡತಿ ಜೈನಾಬಿ ಅಮ್ಮ ಬೆಣ್ಣೆ ಹಚ್ಚುತ್ತಿದ್ದರು. ಹದಿನೇಳನೆಯ ವಯಸ್ಸಿಗೆ ನನಗೆ ಬಡಗಣ ಕಟ್ಟೆ ಸಿಕ್ಕಿತು. ಆ ಕಡೆಯ ಇನ್ನೂರ ಹನ್ನೊಂದು ಮಂದಿಯ ಕರೆಗಳು ನನಗೆ ಬಾಯಿಪಾಠ. ನಾನು ಒಂದು ಸಲ ಊದಿದರೆ ಸಾಕು, ಯಾರಿಗೂ ಎರಡನೆಯ ಸಲ ಊದಬೇಕಾಗುತ್ತಿರಲಿಲ್ಲ.

ಆಮೇಲೆ ಜೋಡಣೆ ಕಲಿತೆ. ಮದುವೆಯ ದಿನ ಹೆಣ್ಣಿನ ಕರೆ ಮತ್ತು ಗಂಡಿನ ಕರೆ ಎರಡನ್ನೂ ಹೆಣೆದು ಒಂದು ಹಾಡು ಮಾಡಿ ನಾಲ್ಕು ತುತ್ತೂರಿಗಳಿಗೆ ಹಂಚಿಕೊಡುವ ಕೆಲಸ ಅದು. ಅದರಲ್ಲಿ ನನ್ನ ಕೈ ಬಹಳ ಬೇಗ ಕುದುರಿತು. ಗಂಡಿನ ಕರೆ ಏರುವಾಗ ಹೆಣ್ಣಿನದನ್ನು ಇಳಿಸುವುದು, ಒಂದರ ಕೊನೆಯ ಸ್ವರವನ್ನೇ ಇನ್ನೊಂದರ ಮೊದಲ ಸ್ವರ ಮಾಡುವುದು, ಇಂಥವೆಲ್ಲ ಮಾಡಿದೆ. ನನ್ನ ಜೋಡಣೆ ಕೇಳಲೆಂದೇ ಜನ ಕರೆಯದ ಮದುವೆಗಳಿಗೆ ಬರುತ್ತಿದ್ದರು. ಮೂವತ್ತು ದಾಟುವಷ್ಟರಲ್ಲಿ ದಾವಲಸಾಬರು ಹೊಸ ಕರೆ ಕಟ್ಟುವುದಕ್ಕೂ ನನಗೆ ಅಪ್ಪಣೆ ಕೊಟ್ಟರು. ಆ ಕೆಲಸಕ್ಕೆ ನಿಯಮಗಳಿದ್ದವು. ಕಟ್ಟುವವನು ಕಡಿಮೆಯೆಂದರೂ ಒಂದು ಹಗಲು ಕೂಸಿನ ತೊಟ್ಟಿಲ ಪಕ್ಕ ಕೂತು ಅದರ ಅಳು, ನಗು, ಉಸಿರು ಕೇಳಬೇಕು. ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಕೊಡಬಾರದು. ಮನುಷ್ಯ ಸತ್ತಾಗ ಅವನ ಕರೆಯನ್ನು ಗುಂಡಿಯ ಬದಿ ನಿಂತು ಒಂದೇ ಸಲ, ನಿಧಾನವಾಗಿ, ಅರ್ಧ ವೇಗದಲ್ಲಿ ಊದಬೇಕು. ಅದಾದ ಮೇಲೆ ಆ ಸ್ವರಗಳನ್ನು ಆ ಸಾಲಿನಲ್ಲಿ ಯಾರೂ ಎಂದೂ ಊದಕೂಡದು.

ಆ ವರ್ಷ ಮಳೆಗಾಲದ ಕೊನೆಯಲ್ಲಿ ದಾವಲಸಾಬರು ಕಣ್ಣಿನ ಚಿಕಿತ್ಸೆಗೆಂದು ಪರವೂರಿಗೆ ಹೋದರು. ಹೋಗುವಾಗ, "ಎರಡು ತೊಟ್ಟಿಲು ಅದಾವ ನೋಡು, ಒಂದೇ ದಿನ. ಎಣ್ಣಿ ಶೆಟ್ಟರ ಮೊಮ್ಮಗಂದು, ಸುಣ್ಣದ ಓಣಿ ಮಲ್ಲವ್ವನ ಮಗಳದು. ಎರಡೂ ನೀನ ಮಾಡು" ಎಂದರು. ನಾನು ಕಟ್ಟುತ್ತಿದ್ದ ಮೊದಲ ಕರೆಗಳು ಅವು.

ಶೆಟ್ಟರ ಮನೆಯಲ್ಲಿ ನಾಲ್ಕು ಹಗಲು ಕೂತೆ. ಬೆಳ್ಳಿ ಲೋಟದಲ್ಲಿ ಬಾದಾಮಿ ಹಾಲು ಬರುತ್ತಿತ್ತು. ಬಂದ ನೆಂಟರಿಗೆಲ್ಲ ಶೆಟ್ಟರು ನನ್ನನ್ನು ತೋರಿಸಿ, "ದಾವಲಸಾಬರಾದ ಮ್ಯಾಲೆ ಇವರ" ಅನ್ನುತ್ತಿದ್ದರು. ಆ ಮಾತು ಮತ್ತೆ ಮತ್ತೆ ಕೇಳಬೇಕೆನಿಸಿಯೇ ನಾಲ್ಕನೆಯ ದಿನವೂ ಹೋಗಿ ಕೂತೆ. ಸುಣ್ಣದ ಓಣಿಗೆ ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದುಕೊಳ್ಳುತ್ತಲೇ ತೊಟ್ಟಿಲ ದಿನ ಬಂತು. ಮಲ್ಲವ್ವ ಸುಣ್ಣದ ಭಟ್ಟಿಯಲ್ಲಿ ಕಲ್ಲು ಹೊರುತ್ತಿದ್ದವಳು. ಗಂಡ ಕೂಸು ಹುಟ್ಟುವ ಮೊದಲೇ ತೀರಿಕೊಂಡಿದ್ದ. ಅವತ್ತು ಬೆಳಿಗ್ಗೆ ಅವಳ ಓಣಿಯ ಹಿರಿಯನೊಬ್ಬ ಬಂದು ನಿಂತಾಗ ನನ್ನ ತಲೆಯಲ್ಲಿ ಒಂದು ಸ್ವರವೂ ಇರಲಿಲ್ಲ. ಇದ್ದದ್ದನ್ನೆಲ್ಲ ಶೆಟ್ಟರ ಮೊಮ್ಮಗನಿಗೆ ಸುರಿದಿದ್ದೆ.

ದಾರಿಯಲ್ಲಿ ನಡೆಯುತ್ತ ತಿರಕಪ್ಪನ ನೆನಪಾಯಿತು. ಗಾಡಿ ಹೊಡೆಯುತ್ತಿದ್ದವನು. ಅಣ್ಣನ ಜೊತೆ ಜಗಳವಾಡಿ ಹತ್ತು ವರ್ಷದ ಹಿಂದೆ ಊರು ಬಿಟ್ಟು ಹೋಗಿದ್ದ. ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವನ ಕರೆ ಚುರುಕಾದದ್ದು, ಕುದುರೆ ಓಡಿದ ಹಾಗೆ. ಅದನ್ನು ನಿಧಾನ ಮಾಡಿದರೆ ಬೇರೆಯೇ ಅನ್ನಿಸುತ್ತದೆ. ಜೋಗುಳದ ಹಾಗೆ ಅನ್ನಿಸುತ್ತದೆ. ಮಲ್ಲವ್ವನ ಗುಡಿಸಿಲಿನ ಮುಂದೆ ನಿಂತು ನಾನು ಅದನ್ನೇ ಊದಿದೆ. ಮಲ್ಲವ್ವ ಕೂಸನ್ನೆತ್ತಿಕೊಂಡು ಕಣ್ಣೊರೆಸಿಕೊಂಡಳು. "ಎಷ್ಟು ಚಂದ ಐತ್ರಿ ಮಾಸ್ತರ. ನನ್ನ ಮಗಳಿಗೆ ಇಷ್ಟು ಚಂದಂದು ಸಿಗತೈತಿ ಅಂತ ಅಂದ್ಕೊಂಡಿರಲಿಲ್ಲ" ಎಂದಳು. ಮಾಸ್ತರ ಎಂದು ನನ್ನನ್ನು ಕರೆದವರಲ್ಲಿ ಅವಳೇ ಮೊದಲು. ಆ ಮಗುವಿಗೆ ಹುಲಿಗೆವ್ವ ಎಂದು ಹೆಸರಿಟ್ಟರು.

ಯಾರಿಗೂ ಗೊತ್ತಾಗಲಿಲ್ಲ. ನಮ್ಮಲ್ಲಿ ಒಬ್ಬೊಬ್ಬರಿಗೆ ತಮ್ಮ ಓಣಿಯ ಕರೆಗಳಷ್ಟೇ ಪರಿಚಯ, ತಿರಕಪ್ಪನದು ಊರಿನ ಇನ್ನೊಂದು ಮಗ್ಗುಲು. ದಾವಲಸಾಬರು ಮರಳಿ ಬಂದು ಎರಡೂ ಕರೆಗಳನ್ನು ಕೇಳಿದರು. ಶೆಟ್ಟರ ಮನೆಯದಕ್ಕೆ "ಚಲೋ ಐತಿ" ಎಂದರು. ಇನ್ನೊಂದಕ್ಕೆ ಏನೂ ಅನ್ನಲಿಲ್ಲ. ನನಗೆ ಅದು ಸಮಾಧಾನವೇ ಆಯಿತು. ಹದಿಮೂರು ವರ್ಷದ ಮೇಲೆ ಅವರು ತೀರಿಕೊಂಡಾಗ ನಾನೇ ದೊಡ್ಡ ಮಾಸ್ತರನಾದೆ.

ಹುಲಿಗೆವ್ವ ಬೆಳೆದು ತಾಯಿಯ ಹಾಗೆಯೇ ಭಟ್ಟಿಯ ಕೆಲಸಕ್ಕೆ ಹೋಗತೊಡಗಿದಳು. ಮಲ್ಲವ್ವ ಸೊಂಟ ಹಿಡಿದು ಮನೆಯಲ್ಲೇ ಉಳಿದಳು. ತೆಂಕಣ ಕಟ್ಟೆಯವನು, ನನ್ನ ಶಿಷ್ಯ ಕಲ್ಲೇಶಿ, ದಿನಕ್ಕೊಮ್ಮೆಯಾದರೂ ಮಲ್ಲವ್ವನ ಮಾತಿಗೆ ಮಗಳ ಕರೆ ಊದುತ್ತಿದ್ದ. ನಾನು ಎಲ್ಲೇ ಇದ್ದರೂ ಅದು ಕೇಳುತ್ತಿತ್ತು. ಮೊದಮೊದಲು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಹೋಗಿಬಿಡುತ್ತಿದ್ದೆ. ಆಮೇಲೆ ಅದೂ ಇಲ್ಲವಾಯಿತು. ಇಪ್ಪತ್ತು ವರ್ಷ ಕೇಳಿದ ಮೇಲೆ ಆ ಕರೆ ನಾನೇ ಕಟ್ಟಿದ್ದು ಎಂದು ನನಗೇ ಅನ್ನಿಸತೊಡಗಿತ್ತು.

ಹುಲಿಗೆವ್ವನಿಗೆ ಇಪ್ಪತ್ತೆರಡು ತುಂಬಿದ ವರ್ಷ ತಿರಕಪ್ಪ ಊರಿಗೆ ಬಂದ. ಮುದುಕನಾಗಿದ್ದ, ಕೆಮ್ಮುತ್ತಿದ್ದ. ಸಾಯುವುದಕ್ಕೆಂದೇ ಬಂದವನು, ಅಣ್ಣನ ಮನೆಯ ಪಡಸಾಲೆಯಲ್ಲಿ ಒಂಬತ್ತು ದಿನ ಮಲಗಿದ್ದು ತೀರಿಕೊಂಡ. ಅಣ್ಣ ನನ್ನಲ್ಲಿಗೆ ಬಂದ. "ಮಾಸ್ತರ, ಅವನ ಕರಿ ಯಾರಿಗೂ ನೆನಪಿಲ್ಲ. ನಿಮಗಷ್ಟ ಇರಬೇಕು. ನೀವ ಬಂದು ಊದಬೇಕ್ರಿ" ಎಂದ.

ಮನೆಯಿಂದ ಮಸಣಕ್ಕೆ ಅರ್ಧ ತಾಸಿನ ದಾರಿ. ಆ ದಾರಿಯುದ್ದಕ್ಕೂ ನನಗೆ ಹೇಳುವ ಅವಕಾಶವಿತ್ತು. ಹೆಣದ ಹಿಂದೆ ನಡೆಯುತ್ತಿದ್ದವರಲ್ಲಿ ಊರ ಹಿರಿಯರೆಲ್ಲ ಇದ್ದರು. ಒಬ್ಬರ ತೋಳು ಹಿಡಿದು ಪಕ್ಕಕ್ಕೆ ಕರೆದು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಬದಲಿಗೆ ಲೆಕ್ಕ ಹಾಕುತ್ತ ನಡೆದೆ. ಇವತ್ತು ಭಟ್ಟಿಗೆ ರಜೆ ಇರಬಹುದು. ಮೆಲ್ಲಗೆ ಊದಬಹುದು. ಗಾಳಿ ಆ ಕಡೆಗಿಲ್ಲ. ಸತ್ತವನ ಕರೆಯನ್ನು ನಿಧಾನವಾಗಿ ಊದುವುದು ನಿಯಮ, ಹಾಗೆ ಊದಿದರೆ ಅದು ಹುಲಿಗೆವ್ವನ ಕರೆಯೇ, ಕೂದಲೆಳೆಯ ವ್ಯತ್ಯಾಸವೂ ಇಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಊದಿದೆ. ಮೆಲ್ಲಗೆ ಊದಲೂ ಇಲ್ಲ. ಇಷ್ಟು ಜನ ಕೇಳುತ್ತಿದ್ದಾರೆಂದು ಉಸಿರು ತಾನಾಗಿಯೇ ತುಂಬಿಕೊಂಡಿತು.

ಮೊದಲ ಹಿಡಿ ಮಣ್ಣು ಹಾಕುವಷ್ಟರಲ್ಲಿ ಹುಲಿಗೆವ್ವ ಓಡುತ್ತ ಬಂದಳು. ಮಸಣದ ಬೇಲಿಯಾಚೆಯೇ ಭಟ್ಟಿ. ಮೊಳಕೈವರೆಗೆ ಸುಣ್ಣ, ಹುಬ್ಬಿನ ಮೇಲೂ ಸುಣ್ಣ. "ಯಾರ್ರಿ ನನ್ನ ಕರೆದದ್ದು? ಅವ್ವಗ ಏನಾತು?" ಎಂದು ಒಬ್ಬೊಬ್ಬರ ಮುಖವನ್ನೇ ನೋಡಿದಳು. ಅವಳು ಗುಂಡಿಯೊಳಗೆ ಬಗ್ಗಿ ನೋಡಿದಳು. ಗುರುತಿಲ್ಲದ ಮುದುಕ. ಆಗ ಅವಳಿಗೆ ಅರ್ಥವಾಯಿತೆಂದು ಕಾಣುತ್ತದೆ. ಸುಣ್ಣದ ಕೈಯನ್ನು ಬಾಯಿಗೆ ಒತ್ತಿಕೊಂಡು ಹಿಂದೆ ಹಿಂದೆ ಸರಿದಳು.

"ಇದೇನ್ರಿ ಮಾಸ್ತರ?" ಎಂದು ಹಿರಿಯನೊಬ್ಬ ಕೇಳಿದ. "ಒಂದ ಕರಿ ಇಬ್ಬರಿಗೆ ಹೆಂಗ ಬಂತು?"

ನಾನು ಯೋಚಿಸಲೂ ಇಲ್ಲ. "ಆ ಹುಡುಗಿಯ ಕರೆ ದಾವಲಸಾಬ ಮಾಸ್ತರು ಪರವೂರಿಗೆ ಹೋಗೋ ಮೊದಲೇ ಕಟ್ಟಿಟ್ಟಿದ್ದು, ನಾನು ಊದಿದೆ ಅಷ್ಟೇ. ಕಣ್ಣು ಹೋಗಿತ್ತು, ವಯಸ್ಸಾಗಿತ್ತು. ಮರ್ತು ಇಟ್ಟಿರಬೇಕು, ಪಾಪ" ಎಂದೆ. ಆ 'ಪಾಪ' ಎಂಬ ಮಾತು ಈಗಲೂ ನನ್ನ ನಾಲಿಗೆಯ ಮೇಲೆ ಕೂತಿದೆ. ಹತ್ತು ಹೆಜ್ಜೆಯೊಳಗಿದ್ದವರು ಅದನ್ನು ಕೇಳಿ ಹಿಂದಿನವರಿಗೆ ಹೇಳಿದರು. ಅವರು ಇನ್ನೂ ಹಿಂದಿನವರಿಗೆ ಹೇಳಿದರು. ಕೊನೆಯಲ್ಲಿ, ಹೆಂಗಸರ ಗುಂಪಿನಲ್ಲಿ, ಬಿಳಿ ಸೆರಗು ಹೊದ್ದು ಜೈನಾಬಿ ಅಮ್ಮ ನಿಂತಿದ್ದರು. ಮಾತು ಅವರಿಗೆ ತಲುಪಿದ್ದನ್ನು ಕಂಡೆ. ಅವರು ತಿರುಗಿ ಮನೆಯ ಕಡೆ ನಡೆದರು.

ಸತ್ತವನಿಗೆ ಊದಿದ ಕರೆಯನ್ನು ಮತ್ತೆ ಊದುವ ಹಾಗಿಲ್ಲ. ಹುಲಿಗೆವ್ವನಿಗೆ ಕರೆಯಿಲ್ಲವಾಯಿತು. ಮರುದಿನ ಭಟ್ಟಿಯ ಮೇಸ್ತ್ರಿ ಅವಳನ್ನು ಮನೆಗೆ ಕಳಿಸಿದ. ಅವನದು ತಪ್ಪಲ್ಲ. ಭಟ್ಟಿಯ ಬಾಯಿ ಕುಸಿದರೆ ಆಚೆ ಮಗ್ಗುಲಲ್ಲಿದ್ದವರನ್ನು ಎಚ್ಚರಿಸಲು ಕರೆಯೊಂದೇ ದಾರಿ. ತಾಯಿ ಮಗಳಿಬ್ಬರೂ ನನ್ನ ಮನೆಗೆ ಬಂದರು. ಮಲ್ಲವ್ವ ಕೋಲೂರಿಕೊಂಡು ಬಂದಿದ್ದಳು. "ಮಾಸ್ತರ, ದೊಡ್ಡ ಮಾಸ್ತರಿಂದ ತಪ್ಪಾಗಿರಬೇಕು, ಅವರ ಮ್ಯಾಲೆ ನಮಗ ಸಿಟ್ಟಿಲ್ಲ. ನಮ್ಮ ಹುಡುಗಿಗೆ ಹೊಸಾದೊಂದು ಮಾಡಿಕೊಡ್ರಿ" ಎಂದಳು. ಅವತ್ತು ಅವಳ ಗುಡಿಸಿಲ ಮುಂದೆ ಬಂದು ಊದಿದವನು ನಾನೇ ಎಂಬುದು ಅವಳಿಗೆ ನೆನಪಿತ್ತು. ಅದನ್ನು ಕದ್ದವನೂ ನಾನೇ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಹೊಸ ಕರೆಗೆ ಕೂತೆ. ಪ್ರಾಯಶ್ಚಿತ್ತವೆಂಬಂತೆ ಒಂದು ಹೊತ್ತಿನ ಊಟ ಬಿಟ್ಟು ಎರಡು ವಾರ ಕೂತೆ. ಹನ್ನೊಂದು ಸ್ವರದ್ದು ಕಟ್ಟಿದೆ. ನಡುವೆ ಒಂದು ತಿರುವು, ಕೊನೆಗೊಂದು ಉದ್ದಕ್ಕೆ ಜಾರುವ ಮೀಂಡು. ಊರಿನಲ್ಲಿ ಅಂಥ ಕರೆ ಯಾರಿಗೂ ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ. ಕಟ್ಟಿ ಮುಗಿಸಿದಾಗ ನನಗೆ ಖುಷಿಯಾಗಿತ್ತು. ಆ ಹುಡುಗಿಯ ಮುಖ ಮರೆತೇಹೋಗಿತ್ತು. ಕಲ್ಲೇಶಿಯನ್ನು ಕರೆದು ಕೇಳಿಸಿ, ಅವನು ತಲೆದೂಗಿದ್ದನ್ನು ನೋಡಿ ಇನ್ನೊಮ್ಮೆ ಊದಿದೆ.

ಒಂದು ತಿಂಗಳು ಅವಳು ದಿನಾ ಬಂದು ನನ್ನೆದುರು ಕೂತು ಕೇಳಿದಳು. ಎದುರಿಗಿದ್ದಾಗ ಗುರುತು ಹಿಡಿಯುತ್ತಿದ್ದಳು. ಬೆನ್ನು ತಿರುಗಿಸಿ ಕೂರಿಸಿ ಐದಾರು ಕರೆಗಳ ನಡುವೆ ಊದಿದರೆ ತುಸು ತಡೆದು ಕೈಯೆತ್ತುತ್ತಿದ್ದಳು. "ಹೆಂಗ ಅನ್ನಸ್ತೈತಿ?" ಎಂದು ಕೇಳಿದೆ. "ಭಾಳ ಚಂದ ಐತ್ರಿ. ಆದ್ರ ಯಾರದೋ ಸೀರಿ ಉಟ್ಟಂಗ ಅನ್ನಸ್ತೈತಿ" ಎಂದಳು. ರೂಢಿಯಾಗುತ್ತದೆ ಎಂದೆ. ಮೇಸ್ತ್ರಿ ಅವಳನ್ನು ಮತ್ತೆ ಕೆಲಸಕ್ಕೆ ಕರೆದುಕೊಂಡ. ಕಟ್ಟೆಯಿಂದ ಊದಿದರೆ ಎರಡನೆಯ ಸಲಕ್ಕೆ ಹೇಗೋ ಬರುತ್ತಿದ್ದಳು.

ಅದಾಗಿ ಏಳು ವಾರಕ್ಕೆ, ಒಂದು ಮಂಗಳವಾರ, ಬಿಸಿಲೇರುವ ಹೊತ್ತಿಗೆ ಮಲ್ಲವ್ವ ಬಾಗಿಲಲ್ಲಿ ಕುಸಿದು ಬಿದ್ದಳು. ಎದೆ ಹಿಡಿದುಕೊಂಡು, "ಮಗಳನ್ನ ಕರೀರಿ" ಎಂದಳಂತೆ. ಪಕ್ಕದ ಮನೆಯಾಕೆ ಕಟ್ಟೆಗೆ ಓಡಿದಳು. ಕಲ್ಲೇಶಿ ಹೊಸ ಕರೆ ಊದಿದ. ಒಂದು ಸಲ, ಎರಡು ಸಲ, ಮೂರು ಸಲ. ನಾನು ಬಡಗಣ ಕಟ್ಟೆಯ ಮೇಲಿದ್ದೆ. ಮೂರನೆಯ ಸಲ ಕೇಳಿದಾಗ ತುತ್ತೂರಿ ಕೆಳಗಿಟ್ಟು ಎದ್ದು ನಿಂತೆ. ನಾಲ್ಕು, ಐದು. ನಮ್ಮೂರಲ್ಲಿ ಯಾರನ್ನೂ ಅಷ್ಟು ಸಲ ಕರೆದದ್ದಿಲ್ಲ.

ಭಟ್ಟಿಯಲ್ಲಿ ಹುಲಿಗೆವ್ವ ಸುಣ್ಣ ಜರಡಿ ಹಿಡಿಯುತ್ತಿದ್ದಳು. ಕರೆ ಅವಳಿಗೆ ಕೇಳಿಸಿತು. ಸ್ಪಷ್ಟವಾಗಿಯೇ ಕೇಳಿಸಿತು. ಆಮೇಲೆ ಅವಳೇ ಹೇಳಿದಳು: "ಯಾರನ್ನೋ ಕರಿಯಾಕತ್ತಾರ ಅಂದ್ಕೊಂಡೆ. ಅಷ್ಟೊತ್ತಿಂದ ಕರಿಯಾಕತ್ತಾರ, ಇನ್ನೂ ಬರವಲ್ಲರು, ಎಂಥಾ ಜನ ಇರತಾರ ಅಂತ ಮನಸಿನ್ಯಾಗ ಬೈದೆ."

ಕಲ್ಲೇಶಿ ಹಳೆಯ ಕರೆಯನ್ನು ಊದೋಣವೆಂದು ತುತ್ತೂರಿ ತುಟಿಗಿಟ್ಟುಕೊಂಡನಂತೆ. ನಿಯಮ ನೆನಪಾಗಿ ಇಳಿಸಿದನಂತೆ. ಪಕ್ಕದ ಮನೆಯಾಕೆ ಭಟ್ಟಿಯವರೆಗೂ ಓಡಿಹೋಗಿ ಕೈಹಿಡಿದು ಕರೆತರುವಷ್ಟರಲ್ಲಿ ಮಲ್ಲವ್ವ ಹೋಗಿಬಿಟ್ಟಿದ್ದಳು. ಬಾಗಿಲ ಕಡೆಗೆ ಮುಖ ಮಾಡಿಕೊಂಡೇ ಇದ್ದಳು.

ಮಲ್ಲವ್ವನನ್ನು ಮಣ್ಣು ಮಾಡುವಾಗ ಅವಳ ಕರೆ ಊದಿದವನೂ ನಾನೇ. ಒಂದು ಸ್ವರವೂ ತಪ್ಪಲಿಲ್ಲ. ತಪ್ಪಬಾರದಿತ್ತೇ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ.

ಮೂರನೆಯ ದಿನ ಜೈನಾಬಿ ಅಮ್ಮನ ಮನೆಗೆ ಹೋದೆ. ಅವರು ಅಂಗಳದಲ್ಲಿ ಕೂತು ಗೋಧಿ ಹಸನು ಮಾಡುತ್ತಿದ್ದರು. ನಾನು ಎದುರು ಕೂತೆ. "ಅಮ್ಮಾ, ಆ ಕರೆ ಮಾಸ್ತರು ಕಟ್ಟಿದ್ದಲ್ಲ. ನಾನು ಕದ್ದದ್ದು" ಎಂದೆ.

ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಗೊತ್ತೈತಿ" ಎಂದರು.

"ಯಾವಾಗಿಂದ?"

"ಅವರು ಪರವೂರಿಂದ ಬಂದ ದಿನದಿಂದ. ಊಟಕ್ಕ ಕುಂತಾಗ ತೆಂಕಣ ಕಟ್ಟಿ ಮ್ಯಾಲೆ ಆ ಕರಿ ಊದಿದ್ರು. ತುತ್ತು ಕೈಯಾಗ ಹಿಡ್ಕೊಂಡು ಹಂಗ ಕುಂತ್ರು. 'ಇದು ತಿರಕಪ್ಪಂದು, ಹುಡುಗ ಕದ್ದಾನ' ಅಂದ್ರು. ನಾನು, 'ಕರದು ಕೇಳ್ರಿ ಮತ್ತ' ಅಂದೆ. 'ಬ್ಯಾಡ, ಅವನಾಗೇ ಬಂದು ಹೇಳ್ತಾನ. ಹೇಳಿದ ದಿನ ಇಬ್ಬರೂ ಕೂಡಿ ಆ ಕೂಸಿಗೆ ಹೊಸಾದು ಕಟ್ಟತೀವಿ. ಕೂಸು ಸಣ್ಣದೈತಿ, ಇನ್ನೂ ಹೊತ್ತೈತಿ' ಅಂದ್ರು."

ನಾನು ನೆಲಕ್ಕೆ ಚೆಲ್ಲಿದ್ದ ಗೋಧಿಯ ಕಾಳುಗಳನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದೆ.

"ಪ್ರತಿ ವರ್ಷ ಆ ಹುಡುಗಿ ವಯಸ್ಸು ಎಣಿಸ್ತಿದ್ರು," ಎಂದು ಅವರು ಗೋಧಿಯೊಳಗಿನ ಕಲ್ಲು ಆರಿಸಿ ಎಸೆದರು. "ಐದು ತುಂಬಿತು, ಇನ್ನೂ ಕಿವಿ ಎಳೇದೈತಿ ಅಂದ್ರು. ಏಳು ತುಂಬಿದಾಗ, ಇನ್ನ ಹೊಸಾದು ಕಿವಿಗೆ ಕೂಡೂದಿಲ್ಲಂತ ಸುಮ್ಮನಾದ್ರು. ಕಡೀ ಸಲ ಮಲಗಿದಾಗ ನಿನ್ನ ಕರಿಸಿದ್ರು, ನೆನಪೈತಿಲ್ಲೋ?"

ನೆನಪಿತ್ತು. ಕಣ್ಣು ಪೂರ್ತಿ ಹೋಗಿದ್ದ ದಾವಲಸಾಬರು ನನ್ನ ಕೈ ಹಿಡಿದುಕೊಂಡು, "ಯಮನೂರಿ, ಏನಾರ ಹೇಳೋದೈತೇನು?" ಎಂದು ಕೇಳಿದ್ದರು. ಪಟ್ಟ ಕೊಡುವ ಮುಂಚಿನ ಶಾಸ್ತ್ರದ ಮಾತು ಎಂದುಕೊಂಡು ನಾನು, "ಎಲ್ಲಾ ನಿಮ್ಮ ಆಶೀರ್ವಾದರಿ" ಎಂದಿದ್ದೆ. ಅವರು ಕೈ ಬಿಟ್ಟಿದ್ದರು. ನಿದ್ದೆ ಬಂತೆಂದು ತಿಳಿದಿದ್ದೆ.

"ಮಸಣದಾಗ ನೀ ಅಂದ ಮಾತು ನನಗ ಬಂದು ಮುಟ್ಟಿತಪ್ಪಾ," ಎಂದರು ಜೈನಾಬಿ ಅಮ್ಮ. "ನನ್ನ ಮುಂದ ಹೇಳಿದ್ರ ಏನು ಬಂತು? ಅವತ್ತು ಕೇಳಿದ ಜನರ ಮುಂದ ಹೋಗಿ ಹೇಳು." ಮೊರವೆತ್ತಿಕೊಂಡು ಒಳಗೆ ಹೋದರು.

ಸೋಮವಾರ ಊದುವವರೆಲ್ಲ ಊರ ನಡುವಿನ ದೊಡ್ಡ ಕಟ್ಟೆಗೆ ಸೇರಿ ಹೊಸ ಕರೆಗಳನ್ನು ಕಲಿತುಕೊಳ್ಳುವ ದಿನ. ಜನರೂ ಸೇರುತ್ತಾರೆ. ಕಟ್ಟೆಯ ಮೇಲೆ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದೆ. ಮುಂದಿನ ಸಾಲಿನವರು ಕೇಳಿ ಹಿಂದಕ್ಕೆ ಹೇಳಿದರು. ಅದು ಹಿಂದೆ ಹಿಂದೆ ಹೋಗುವುದನ್ನು ನೋಡುತ್ತ ನಿಂತೆ. ಕೊನೆಯ ಸಾಲಿನವರ ಮುಖದಲ್ಲಿ ಕನಿಕರ ಕಂಡಿತು. ಇಳಿದು ಹೋಗಿ, "ಏನು ಹೇಳಿದ್ರಪ್ಪಾ ನಿಮಗ?" ಎಂದು ಕೇಳಿದೆ. "ನಿಮಗ ವಯಸ್ಸಾತಂತ, ಯಾವುದೋ ಒಂದು ಕರಿ ಮರ್ತೀರಂತ. ಆಗತೈತಿ ಬಿಡ್ರಿ ಮಾಸ್ತರ, ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದರು. ಅವತ್ತು ಸಾಲು ಸಾಲಾಗಿ ನಡೆದು, ಪ್ರತಿಯೊಂದು ಸಾಲಿನ ಮುಂದೆ ನಿಂತು, ಕದ್ದೆ ಎಂಬ ಮಾತನ್ನು ಒಂಬತ್ತು ಸಲ ಹೇಳಿದೆ. ಕೆಲವರು ಮುಖ ತಿರುಗಿಸಿದರು. ಎಣ್ಣೆ ಶೆಟ್ಟರು, "ಇರಲಿ ಬಿಡ್ರಿ, ನಮ್ಮ ಮೊಮ್ಮಗಂದು ಮಾತ್ರ ಸ್ವಂತದ್ದ ಹೌದಲ್ಲ?" ಎಂದು ಕೇಳಿದರು. ಹೌದು ಎಂದೆ. ದೊಡ್ಡ ಮಾಸ್ತರನ ಜಾಗ ಬಿಡುತ್ತೇನೆ ಎಂದೆ. ಬೇಡ ಎಂದವರು ಇದ್ದರು. ನಾನು ತುತ್ತೂರಿಯನ್ನು ಕಲ್ಲೇಶಿಯ ಪಕ್ಕದಲ್ಲಿಟ್ಟು ಬಂದೆ.

ಹುಲಿಗೆವ್ವ ಆ ಸಭೆಗೆ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಅವಳ ಮನೆಗೆ ಹೋದೆ. ಸುದ್ದಿ ಅವಳಿಗೆ ಮುಟ್ಟಿತ್ತು. ಬಾಗಿಲಲ್ಲೇ ನಿಂತಳು. ನಾನು ಎಲ್ಲವನ್ನೂ ಮತ್ತೆ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಶೆಟ್ರ ಕೂಸಿನ ಮುಂದ ಎಷ್ಟು ದಿನ ಕುಂತಿದ್ರಿ?" ಎಂದಳು.

"ನಾಕು."

"ನಮ್ಮನ್ಯಾಗ?"

"ಕುಂದರಲಿಲ್ಲ ತಂಗಿ."

"ಹಂಗಾರ ಇವತ್ತ ಕುಂದರ್ರಿ" ಎಂದು ಚಾಪೆ ಹಾಸಿದಳು.

ಕೂತೆ. ಅವಳು ತನ್ನ ಪಾಡಿಗೆ ಕೆಲಸ ಮಾಡಿಕೊಂಡಳು. ಒಲೆ ಬಳಿದಳು, ರೊಟ್ಟಿ ಬಡಿದಳು, ನನಗೂ ಎರಡು ಹಾಕಿದಳು. ತಾಯಿಯ ಎರಡು ಸೀರೆ ಒಗೆದು ಹಿತ್ತಲಲ್ಲಿ ಹಾಕಿದಳು. ಆ ಮನೆಯಲ್ಲಿ ಯಾವ ಸದ್ದು ಇತ್ತು, ಯಾವ ಸದ್ದು ಇರಲಿಲ್ಲ ಎಂಬುದನ್ನು ಕೇಳುತ್ತ ಕೂತಿದ್ದೆ. ಬಿಸಿಲು ಬಾಗಿಲು ದಾಟಿ ಒಳಗೆ ಬಂದಾಗ ಅವಳು ನನ್ನೆದುರು ಬಂದು ಕೂತಳು.

"ಅವ್ವ ಮನಿಯೊಳಗ ನನ್ನ ಹೆಂಗ ಕರೀತಿದ್ಲು ಅಂತ ನಿಮಗ ಗೊತ್ತಿಲ್ಲ" ಎಂದಳು. "ತುತ್ತೂರಿ ಬ್ಯಾರೆ. ಒಳಗ ಬ್ಯಾರೆ." ಸ್ವಲ್ಪ ನಾಚಿಕೊಂಡು, ಗೋಡೆಯ ಕಡೆ ಮುಖ ಮಾಡಿ, "ಹುಲಿಗೀ... ಯವ್ವಾ..." ಎಂದು ಎಳೆದಳು. ಮೊದಲೆರಡು ಸ್ವರ ಏರಿ, ಮೂರನೆಯದು ಜಾರಿ, ಕೊನೆಯದು ಎಲ್ಲೂ ನಿಲ್ಲದೆ ಹಾಗೇ ತೇಲುತ್ತಿತ್ತು. ಯಾವ ರಾಗಕ್ಕೂ ಕೂರದ ಸ್ವರ. "ಇದನ್ನ ತುತ್ತೂರಿಗೆ ಹೊಂದಿಸಾಕ ಆಗತೈತೇನ್ರಿ?"

"ಆಗತೈತಿ."

"ಚಂದ ಮಾಡಾಕ ಹೋಗಬ್ಯಾಡ್ರಿ."

"ಇಲ್ಲ."

"ನೀವ ಊದಬ್ಯಾಡ್ರಿ. ಕಲ್ಲೇಶಣ್ಣಗ ಕಲಿಸ್ರಿ."

ಆಯಿತು ಎಂದೆ. ನಾಲ್ಕೇ ಸ್ವರ. ಆದರೂ ಕಲ್ಲೇಶಿಯನ್ನು ಎದುರು ಕೂರಿಸಿಕೊಂಡು ಅವನ ತುತ್ತೂರಿಗೆ ಹೊಂದಿಸಲು ಎಂಟು ದಿನ ಹಿಡಿಯಿತು. ಆ ಕೊನೆಯ ಸ್ವರ ಸರಿಯಾಗಿ ಊದಿದರೆ ಬರುವುದಲ್ಲ. ತುಟಿಯನ್ನು ಸಡಿಲ ಬಿಟ್ಟು, ತಪ್ಪು ಊದಿದ ಹಾಗೆ ಊದಬೇಕು. ನನ್ನ ಕೈ ಅದನ್ನು ತಿದ್ದಲು ಹೋಗುತ್ತಲೇ ಇತ್ತು. ಪ್ರತಿ ಸಲವೂ ಹಿಂದಕ್ಕೆ ತೆಗೆದೆ. ಅವಳು ಸಂಜೆ ಬಂದು ಕೇಳಿ, "ಇನ್ನೂ ಸ್ವಲ್ಪ ಜಾರಬೇಕು", "ಇಷ್ಟು ಗಟ್ಟಿ ಅಲ್ಲ" ಎನ್ನುತ್ತಿದ್ದಳು. ಎಂಟನೆಯ ದಿನ ಯಾವ ತಪ್ಪೂ ತೆಗೆಯದೆ ಎದ್ದು ಹೋದಳು. ಇಂಥದ್ದು ಮತ್ತೆ ಆಗಬಾರದೆಂದು ಕಲ್ಲೇಶಿ ಹೊಸದಾಗಿ ತೆರೆದಿದ್ದ ಕರೆಗಳ ಪುಸ್ತಕದಲ್ಲಿ ಅದನ್ನು ಬರೆದೆ. ಕಟ್ಟಿದವರು ಎಂಬಲ್ಲಿ ಮಲ್ಲವ್ವ, ಸುಣ್ಣದ ಓಣಿ ಎಂದು ಬರೆದೆ.

ಕಲ್ಲೇಶಿ ಅದನ್ನು ಕಟ್ಟೆಯ ಮೇಲಿಂದ ಮೊದಲ ಸಲ ಊದಿದ ದಿನ ನಾನು ಭಟ್ಟಿಗೆ ಹೋಗುವ ದಾರಿಯ ಬದಿ, ಅವಳಿಗೆ ಕಾಣದ ಹಾಗೆ ನಿಂತಿದ್ದೆ. ಮೇಸ್ತ್ರಿ ಸುಣ್ಣದ ಗಾಡಿ ಬಂತೆಂದು ಊದಿಸಿದ್ದ. ಅಷ್ಟು ಸಣ್ಣ ಕೆಲಸ. ಹುಲಿಗೆವ್ವ ಜರಡಿಯ ಮುಂದೆ ಬಗ್ಗಿ ನಿಂತಿದ್ದಳು. ಮೊದಲ ಎರಡು ಸ್ವರ ಏರುವಷ್ಟರಲ್ಲಿ ಜರಡಿ ಕೈಯಿಂದ ಬಿತ್ತು. ತಿರುಗಿ ಕೂಡ ನೋಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದಳು. ಗಾಡಿ ನಿಂತ ಕಡೆಗಲ್ಲ, ಊರಿನ ಕಡೆಗೆ, ಮನೆಯ ಕಡೆಗೆ. ಬೇಲಿ ದಾಟಿದಳು, ಹುಣಸೆಮರ ದಾಟಿದಳು, ನಾನಿದ್ದಲ್ಲಿಗೆ ಹತ್ತಿರ ಬಂದಳು. ಅವಳ ಮುಖದಲ್ಲಿ ಬೈಸಿಕೊಳ್ಳಲು ಹೋಗುತ್ತಿರುವ ಮಕ್ಕಳ ಮುಖದಲ್ಲಿ ಇರುವಂಥ ನಗು ಇತ್ತು. ಆಮೇಲೆ ನಡಿಗೆ ನಿಧಾನವಾಯಿತು. ನಿಂತಳು. ಸುಣ್ಣದ ಕೈಗಳನ್ನು ಏನು ಮಾಡಬೇಕೆಂದು ತಿಳಿಯದವಳಂತೆ ಒಂದನ್ನೊಂದು ಉಜ್ಜಿಕೊಂಡಳು. ಕಲ್ಲೇಶಿ ಇನ್ನೊಂದು ಸಲ ಊದಿದ. ಅವಳು ತಿರುಗಿ, ಗಾಡಿಯ ಕಡೆಗೆ ನಡೆದು ಹೋದಳು.